ಸುಣ್ಣ ತೊಳೆದ ಮೇಲಿನ ಫೋಟೋ

ತೊಗರಿ ಕೊಯ್ದ ಹೊಲದಲ್ಲಿ ಕಾಲು ಎತ್ತಿ ಇಡಬಾರದು. ನೆಲ ಸವರಿಕೊಂಡು ಸರಿಸಬೇಕು. ಕುಡುಗೋಲು ಓರೆಯಾಗಿ ಹಾದುಹೋದ ಗಿಡದ ಬುಡ ಸಾಲುಸಾಲಾಗಿ ಚೂಪಾಗಿ ನಿಂತಿರುತ್ತದೆ. ಬಿಸಿಲಿಗೆ ಒಣಗಿತೆಂದರೆ ಮೊಳೆಯಷ್ಟೇ ಗಟ್ಟಿ. ನಮ್ಮ ಕಡೆ ಅದಕ್ಕೆ ಕೂಳಿ ಅನ್ನುತ್ತಾರೆ. ಬುದ್ಧಿ ಬಂದಾಗಿನಿಂದ ಅದೇ ಹೊಲದಲ್ಲಿ ಓಡಾಡಿದ ನನ್ನ ನಾದಿನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ವರ್ಷ ಕೂಳಿ ಚುಚ್ಚಿದ್ದು ಅವಳಿಗೇ. ಚಪ್ಪಲಿ ಸವೆದಿತ್ತು, ಕಣ್ಣು ಕೂಲಿಯವರ ಕೈ ಮೇಲಿತ್ತು.

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ಶಹಾಬಾದಿಗೆ ಕೊಟ್ಟಿದ್ದಾರೆ. ವಯಸ್ಸಿನಲ್ಲಿ ನನಗಿಂತ ತುಸು ಹಿರಿಯಳು, ಆದರೆ ಇಷ್ಟು ವರ್ಷದ ಒಡನಾಟದಲ್ಲಿ ಬಹುವಚನ ತಾನಾಗಿಯೇ ಉದುರಿಹೋಗಿದೆ. ನಮ್ಮ ಮನೆ ಸೇಡಂನಲ್ಲಿ, ಹೊಲ ಮುಧೋಳದ ಹತ್ತಿರ. ಪ್ರತಿ ಸಲ ತೊಗರಿ ಕೊಯ್ಲಿಗೆ ಅವಳು ತವರಿಗೆ ಬರುತ್ತಾಳೆ. ಬರುವುದು ಕಾವಲಿಗೆ, ಕೂಲಿಯವರು ಕಟ್ಟುವ ಕಂತೆ, ಅಂದರೆ ಸಿವುಡು, ನೋಡುವುದಕ್ಕೆ. "ನಾ ನಿಂತ್ರ ಸಿವುಡು ದಪ್ಪ ಆಗ್ತಾವ, ನೀ ನಿಂತ್ರ ಸಣ್ಣ ಆಗ್ತಾವ" ಅಂತ ನನ್ನ ಮುಖಕ್ಕೇ ಹೇಳುತ್ತಾಳೆ.

ಸಂಶಯ ಆ ಮನೆತನದ ಆಸ್ತಿ. ಅತ್ತೆ ಹಾಲಿನವನ ಕಣ್ಣೆದುರೇ ಹಾಲಿನಲ್ಲಿ ಬೆರಳದ್ದಿ, ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ, ಅದು ನಿಲ್ಲುವುದೋ ಜಾರುವುದೋ ನೋಡಿ, ಆಮೇಲೆ ಪಾತ್ರೆ ಒಡ್ಡುತ್ತಾರೆ. ನಾದಿನಿ ಬಸ್ಸಿನಲ್ಲಿ ಟಿಕೆಟ್ ಮೇಲಿನ ಊರಿನ ಹೆಸರನ್ನು ಪಕ್ಕದವರಿಂದ ಓದಿಸಿಕೊಂಡೇ ಚೀಲಕ್ಕೆ ಹಾಕುವವಳು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲೂ ಆ ರೂಢಿ ಬಿಟ್ಟಿಲ್ಲ. ಆ ಮನೆಗೆ ಬಂದ ಮೇಲೆ ನನಗೂ ಅದು ಅಂಟಿದೆ. ನಾನು ಮನೆಯಲ್ಲಿ ಜಂಪರ, ಅಂದರೆ ರವಿಕೆ, ಹೊಲಿಯುತ್ತೇನೆ. ಬಟ್ಟೆ ತಂದವರ ಎದುರಿಗೇ ಅಳೆದು, ಒಮ್ಮೆ ಹಿಂಡಿ, ಬಣ್ಣ ಬಿಡುತ್ತದೋ ನೋಡಿ ತೆಗೆದುಕೊಳ್ಳುತ್ತೇನೆ. ಇದರಿಂದ ನಷ್ಟವಾಗಿದ್ದು ನೆನಪಿಲ್ಲ.

ಕೂಳಿ ಚುಚ್ಚಿದ್ದು ಬಲಗಾಲಿನ ಹೊರಬದಿಗೆ, ಕಿರುಬೆರಳಿನ ಕೆಳಗೆ. ಅವಳೇ ಕಿತ್ತೆಸೆದು, ರಕ್ತ ಹಿಂಡಿ, ಅರಿಷಿಣ ಒತ್ತಿ, ಸಂಜೆಯತನಕ ಬದುವಿನ ಮೇಲೆ ನಿಂತಳು. ಮರುದಿನ ಪಾದ ಬಾತಿತ್ತು. ಅತ್ತೆ ಸುಣ್ಣದ ಗಡಿಗೆ ತೆಗೆದರು.

ಸುಣ್ಣ, ಬೆಲ್ಲ ಕಲಸಿ ಬಾವು ಬಂದ ಕಡೆ ಹಚ್ಚುವುದು ನಮ್ಮಲ್ಲಿ ಎಲ್ಲರ ಮನೆಯ ಮದ್ದು. ಕಲಸುತ್ತಿದ್ದಂತೆ ಅಂಗೈ ಬಿಸಿಯಾಗುತ್ತದೆ. ಹಚ್ಚಿ ಒಣಗಿದ ಮೇಲೆ ಗೋಡೆಯ ಗಿಲಾವಿನ ಹಾಗೆ ಬಿಗಿಯುತ್ತದೆ. ಬಿಗಿದಷ್ಟೂ ಬಾವನ್ನು ಎಳೆಯುತ್ತದೆಂದು ಅತ್ತೆಯ ಲೆಕ್ಕ. ಪಾದದಿಂದ ಮೀನಖಂಡದ ಅರ್ಧದವರೆಗೆ ಬಳಿದರು.

"ಅವ್ವಾ, ಉರಿಯಾಕತ್ತದ."

"ಉರೀಲಿ. ಉರಿದ್ರನ ಇಳಿಯೂದು. ಬದುವಿನ ಮ್ಯಾಲೆ ಕುಂತು ಮಂದಿ ಕೈ ನೋಡೂ ಬದಲಿ ನಿನ್ನ ಕಾಲ ನೋಡಬೇಕಿತ್ತು."

ಅದರ ಮರುದಿನ ಬೆಳಿಗ್ಗೆ ಅವಳಿಗೆ ಚಳಿಜ್ವರ. ಕಾಲಿನ ಮೇಲೆ ದುಪ್ಪಟಿಯ ಅಂಚು ತಾಕಿದರೂ ಹಲ್ಲು ಕಚ್ಚುತ್ತಿದ್ದಳು. ಸುಣ್ಣದ ಪದರು ಬಿರಿದ ಕಡೆ ನಾನು ಬಗ್ಗಿ ನೋಡಿದೆ. ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು, ತುಸು ಕೆಂಪಗಿತ್ತು. ಅಷ್ಟೇ. ಕೀವಿಲ್ಲ, ಗುಳ್ಳೆಯಿಲ್ಲ. ಚುಚ್ಚಿದ ಗಾಯ ಜೋಳದ ಕಾಳಿನಷ್ಟು. ಇಷ್ಟಕ್ಕೆ ಇಷ್ಟು ನೋವೇ ಎಂದು ನನಗೆ ಮೊದಲ ಸಂಶಯ ಬಂದದ್ದು ಆಗ. ಹೆರಿಗೆಯಲ್ಲೂ ಬಾಯಿ ಬಿಡದವಳು ನಾದಿನಿ. ಅವಳು ನೋವನ್ನು ದೊಡ್ಡದು ಮಾಡಿ ಹೇಳುವವಳಲ್ಲ. ಹಾಗಾದರೆ ಕಣ್ಣಿಗೆ ಕಾಣುವುದೇ ಸಣ್ಣದಾಗಿ ಕಾಣುತ್ತಿದೆ.

"ದವಾಖಾನಿಗೆ ಹೋಗೋಣ ನಡಿ ಅಕ್ಕಾ," ಎಂದೆ.

ಅತ್ತೆ ಬೇಡ ಅನ್ನಲಿಲ್ಲ. ಹಸಿ ಅರಿವೆ ತಂದು ಮಗಳ ಕಾಲಿನ ಸುಣ್ಣ ಕೆರೆಯತೊಡಗಿದರು. ಇದು ಅವರ ಕಾಯಂ ಕಾಯಿದೆ: ಮನೆಯ ಮದ್ದು ಮನೆಯಲ್ಲೇ ಬಿಟ್ಟು ದವಾಖಾನೆಗೆ ಹೋಗಬೇಕು. "ಏನು ಹಚ್ಚೀರಿ ಅಂತ ಕೇಳತಾರ. ಏನೂ ಇಲ್ಲ ಅನ್ರಿ. ಹಚ್ಚೀವಿ ಅಂದ್ರಿ ಅಂದ್ರ, ರೋಗ ನಮ್ಮದಲ್ಲ, ನಿಮ್ಮ ಸುಣ್ಣದ್ದು ಅಂತಾರ." ನಾದಿನಿ ನೋವಿಗೆ ಕೂಗಿದ್ದರಿಂದ ಪಾದದ ಮೇಲಿನದಷ್ಟೇ ಹೋಯಿತು. ಮೇಲಿನದು ಸೀರೆಯ ಕೆಳಗೆ ಹಾಗೇ ಉಳಿಯಿತು.

ನನ್ನ ಗಂಡ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗಿದ್ದರು. ಅವರಿಗೂ, ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ನಾದಿನಿಯ ಗಂಡನಿಗೂ ಫೋನ್ ಮಾಡಿ ಅವಳನ್ನು ಆಟೋ ಹತ್ತಿಸಿದೆ. ಆಟೋದವನು ದವಾಖಾನೆಯ ಹೆಸರು ಕೇಳಿದ್ದೇ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

"ಅಲ್ಲಿಗೇನ್ರಿ? ಡಾಕ್ಟರ್ ಛಲೋ ಇದ್ದಾನ. ಆದ್ರ ಮದಲ ಎಕ್ಸ್‌ರೇ ಫೋಟೋ ತೆಗಸ್ತಾನ. ಕಾಲು ನೋಯ್ತದ ಅಂದ್ರೂ ಫೋಟೋ, ತಲಿ ನೋಯ್ತದ ಅಂದ್ರೂ ಫೋಟೋ. ಫೋಟೋ ಸೆಂಟರ್ ಯಾರದು ಗೊತ್ತದೇನು? ಆತನ ಹೆಂಡ್ತಿ ತಮ್ಮಂದು."

ನಾದಿನಿ ಆ ನೋವಿನಲ್ಲೂ ನನ್ನ ಮಂಡಿ ಚಿವುಟಿದಳು. ಕೇಳಿಸ್ಕೊಂಡೆಯಾ ಎಂಬಂತೆ.

ಡಾಕ್ಟರು ಚಿಂಚೋಳಿ ಕಡೆಯ ಹುಡುಗ. ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಶುಗರ್ ಇದೆಯಾ ಎಂದು ಕೇಳಿದರು. "ಜರಾ ಅದ್ರಿ," ಎಂದಳು ನಾದಿನಿ. ಜರಾ ಎಂದರೆ ಎಷ್ಟೆಂದು ಅವರು ಬೆರಳು ಚುಚ್ಚಿಸಿ ನೋಡಿ ತುಟಿ ಬಿಗಿದರು. ಗಾಯದ ಹತ್ತಿರ ಒತ್ತಿದರು. ಅವಳು ತಡೆದುಕೊಂಡಳು. ಗಾಯದಿಂದ ದೂರ, ಸೀರೆಯ ಮೇಲಿನಿಂದಲೇ ಮೀನಖಂಡದ ಕಡೆ ಒತ್ತಿದರು. ಅಲ್ಲಿ ಚೀರಿದಳು. ಅವರು ಇನ್ನೊಮ್ಮೆ, ಮೆಲ್ಲಗೆ, ಕಿವಿಗೊಟ್ಟವರಂತೆ ಒತ್ತಿದರು. ಬೆರಳಿನ ಕೆಳಗೆ ಏನೋ ಚರಚರ ಎಂದಿತು.

"ಏನು ಹಚ್ಚೀರಿ ಇದಕ್ಕ?"

"ಏನೂ ಇಲ್ರಿ," ಎಂದಳು ನಾದಿನಿ.

ಅವರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಡಾಕ್ಟರು ನಮ್ಮಿಬ್ಬರನ್ನೂ, ಅತ್ತೆ ಹಾಲಿನವನನ್ನು ನೋಡುವ ಹಾಗೆಯೇ ನೋಡಿ, ಸಿಸ್ಟರಿಗೆ ಸಲೈನು, ಇಂಜೆಕ್ಷನ್ನು ಶುರು ಮಾಡಲು ಹೇಳಿದರು. ಆಮೇಲೆ ಅಂದರು:

"ಒಂದು ಫೋಟೋ ತೆಗೆಸ್ರಿ. ಈಗಿಂದೀಗ."

ಆಟೋದವನ ಮಾತು ಅಕ್ಷರಶಃ ನಡೆಯುತ್ತಿತ್ತು. ಫೋಟೋದ ಕೋಣೆ ಅದೇ ಕಟ್ಟಡದ ಹಿಂದೆ, ಗಾಜಿನ ಬಾಗಿಲು, ಹೊಸ ಬಣ್ಣ. ಕಾಲಿಗೆ ಚುಚ್ಚಿದ್ದು ಕೂಳಿ, ಅದನ್ನು ಕಿತ್ತು ಎಸೆದಾಗಿದೆ, ಎಲುಬು ಮುರಿದಿಲ್ಲ. ಫೋಟೋ ಯಾಕೆ? ಡಾಕ್ಟರನ್ನು ಅವರ ಬಾಗಿಲಲ್ಲೇ ಕೇಳಿದೆ. "ಕಾಲಿನ ಒಳಗ ಏನು ನಡೆದದ ಅಂತ ನನಗ ಸಂಶಯ ಅದ್ರಿ. ಮ್ಯಾಲಿನ ಚರ್ಮ ನೋಡಿದ್ರ ಸುಳ್ಳು ಹೇಳಾಕತ್ತದ," ಎಂದರು. ಚರ್ಮ ಸುಳ್ಳು ಹೇಳುತ್ತದೆ ಎಂದವರು ನಮ್ಮನ್ನೂ ಸೇರಿಸಿ ಹೇಳಿದರೋ ಏನೋ.

ಫೋಟೋ ತೆಗೆಯುವವನಿಗೂ ನಾದಿನಿಗೂ ಒಳಗೆ ಹೋಗುತ್ತಲೇ ಜಗಳ ಹತ್ತಿತು. ಬಲಗಾಲಿನ ಎರಡನೆಯ ಬೆರಳಲ್ಲಿ ಬೆಳ್ಳಿಯ ಕಾಲುಂಗುರವಿತ್ತು. ಬಾವಿನಿಂದ ಬೆರಳು ಊದಿ ಉಂಗುರ ಒಳಗೆ ಹೂತಿತ್ತು.

"ಅದನ್ನ ತೆಗೀರಿ ಅಕ್ಕಾ."

"ಗಂಡ ಗಟ್ಟ್ಯಾಗಿದ್ದಾನ ತಮ್ಮಾ. ಎದಕ್ಕ ತೆಗೀಲಿ?"

"ಫೋಟೋದಾಗ ಅಡ್ಡ ಬರ್ತದ್ರಿ."

"ಬರಲಿ. ನೀ ಕಾಲಿಂದು ತೆಗಿ, ಉಂಗುರದ್ದು ಬಿಡು."

ಎಳೆದರೂ ಬರುವಂತಿರಲಿಲ್ಲ. ಅವನು ಕೈಬಿಟ್ಟು, ಕಾಲನ್ನು ಅಡ್ಡಲಾಗಿ ಮಲಗಿಸಿ ಮೀನಖಂಡದಿಂದ ಬೆರಳಿನವರೆಗೆ ಒಂದೇ ಫೋಟೋದಲ್ಲಿ ಹಿಡಿದ. ಸೀರೆ ಮೇಲೆತ್ತುವಾಗ ಅವಳು ಅಂಚನ್ನು ಪಾದ ಕಾಣುವಷ್ಟೇ, ಸುಣ್ಣ ಕಾಣದಷ್ಟೇ ಸರಿಸಿದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ಡಾಕ್ಟರು ಫೋಟೋವನ್ನು ಬೆಳಕಿನ ಡಬ್ಬಿಗೆ ಸಿಗಿಸಿದಾಗ ನನಗೂ ಕಂಡಿತು. ಎಲುಬಿನ ಸುತ್ತ, ಮಾಂಸ ಇರುವ ಕಡೆಯೆಲ್ಲ ಬೆಳ್ಳನೆಯ ಚುಕ್ಕೆ, ಬೆಳ್ಳನೆಯ ಚೂರು. ರವೆ ಚೆಲ್ಲಿದ ಹಾಗೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಡಾಕ್ಟರು ಮಾತ್ರ ಹತ್ತಿರ ಹೋಗಿ, ದೂರ ನಿಂತು, ಮತ್ತೆ ಹತ್ತಿರ ಹೋಗಿ, "ಇದು ಒಳಗಿಂದೋ ಹೊರಗಿಂದೋ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಆಗ ಫೋಟೋ ತೆಗೆಯುವವನು ಬಂದ. "ಸರ್, ಒಂದು ಮಾತು. ನನ್ನ ಟೇಬಲ್ ಮ್ಯಾಲೆ ಇರುವಿ ಹತ್ಯಾವ. ಇಷ್ಟು ವರ್ಷದಾಗ ಎಕ್ಸ್‌ರೇ ತೆಗಿಸಾಕ ಇರುವಿ ಬಂದಿದ್ದು ನಾ ನೋಡಿಲ್ಲ. ಈ ಅಕ್ಕನ ಸೀರಿ ಅಂಚಿನಾಗಿಂದ ಇಳಿಯಾಕತ್ತಾವ."

ಎಲ್ಲರೂ ನಾದಿನಿಯ ಸೀರೆ ನೋಡಿದೆವು. ಮನೆಯಿಂದಲೇ ಹತ್ತಿಕೊಂಡು ಬಂದ ಇರುವೆಗಳು ಸೀರೆಯ ಅಂಚಿನಿಂದ ಒಂದರ ಹಿಂದೊಂದು ಬೆಲ್ಲದ ಹುಡಿ ಹೊತ್ತು ಇಳಿಯುತ್ತಿದ್ದವು.

"ಬೆಲ್ಲ, ಸುಣ್ಣ," ಎಂದರು ಡಾಕ್ಟರು. ಕೇಳಿದ್ದಲ್ಲ, ಹೇಳಿದ್ದು.

"ನಮ್ಮವ್ವ ಹಚ್ಚ್ಯಾಳ್ರಿ," ಎಂದಳು ನಾದಿನಿ. "ನಾ ಬ್ಯಾಡ ಅಂದಿದ್ದೆ."

ಬೈಗುಳಕ್ಕೆ ನಾನು ತಲೆ ತಗ್ಗಿಸಿ ಸಿದ್ಧಳಾದೆ. ಅವರು ಬೈಯಲಿಲ್ಲ. "ನಮ್ಮ ಅಜ್ಜಿನೂ ಹಚ್ತಿದ್ಳು. ಆದ್ರ ಸುಣ್ಣ ಫೋಟೋದಾಗ ಎಲುವಿನಂಗ ಬೆಳ್ಳಗ ಕಾಣ್ತದ್ರಿ. ನಾ ಹುಡುಕಾಕತ್ತಿದ್ದು ಅದರ ಹಿಂದ ಮುಚ್ಚಿ ಹೋಗ್ಯಾದ. ಒತ್ತಿದ್ರ ಚರಚರ ಅಂದದ್ದು ಸುಣ್ಣನೋ ಬ್ಯಾರೇನೋ ಅದೂ ಗೊತ್ತಾಗವಲ್ದು. ಪೂರಾ ತೊಳೀರಿ, ಇನ್ನೊಂದು ತೆಗಿಯೋಣ."

ಇನ್ನೊಂದು. ನನ್ನ ಮನಸ್ಸು ಗಾಜಿನ ಬಾಗಿಲಿನ ಕಡೆ ಹೋಗಿ ಬಂತು. ತಪ್ಪು ನಮ್ಮದೇ ಇದ್ದರೂ ಸಂಶಯ ಬಿಡಲಿಲ್ಲ.

ಸಿಸ್ಟರ್ ಬೆಚ್ಚಗಿನ ನೀರಿನಲ್ಲಿ ಕಾಲನ್ನು ತೊಳೆದರು. ಸುಣ್ಣ ಪೂರ್ತಿ ಹೋದ ಮೇಲೆ ಗಿಣ್ಣಿನ ಹತ್ತಿರ ಒಂದು ಕಡೆ ಚರ್ಮ ನೇರಳೆಗೆ ತಿರುಗಿದ್ದು ಕಂಡಿತು, ಹೆಬ್ಬೆರಳಿನ ಉಗುರಿನಷ್ಟು ಅಗಲ. ಡಾಕ್ಟರು ಬಾಲ್‌ಪೆನ್ನು ತೆಗೆದು, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಕಾಲಿನ ಸುತ್ತ ಗೆರೆ ಎಳೆದರು. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಹಾಗೆಯೇ. ಆಮೇಲೆ ಎರಡನೆಯ ಫೋಟೋ ಆಯಿತು.

ಅದು ಬರುವುದಕ್ಕೂ ನಾದಿನಿಯ ಗಂಡ ಬರುವುದಕ್ಕೂ ಸರಿಹೋಯಿತು. ಅವರನ್ನು ನಾನು ಅಣ್ಣಾ ಎಂದೇ ಕರೆಯುವುದು. ವಾಡಿಯತನಕ ರೈಲು, ಅಲ್ಲಿಂದ ಯಾರದೋ ಗೂಡ್ಸ್ ಟೆಂಪೋ ಹತ್ತಿ ಬಂದಿದ್ದರು. ಹುಬ್ಬಿನ ಮೇಲೆ ಕಲ್ಲಿನ ಧೂಳು ಹಾಗೇ ಇತ್ತು. ಹೆಂಡತಿಯ ಮಂಚದ ಹತ್ತಿರ ನಿಂತು, "ಏನೇ, ಕೂಲಿಯವ್ರ ಕೈ ನೋಡಾಕ ಹೋಗಿ ಕಾಲು ಕೊಟ್ಟು ಬಂದಿ?" ಎಂದರು. ಕೈ ಮಾತ್ರ ಅವಳ ಹಣೆಯ ಮೇಲಿತ್ತು.

ಎರಡನೆಯ ಫೋಟೋ ಬೆಳಕಿಗೆ ಸಿಗಿಸಿದ್ದೇ ನಾನು ಸಂತೋಷದಿಂದ ಕೂಗಿಬಿಟ್ಟೆ. ಬೆಳ್ಳನೆಯ ಚುಕ್ಕೆ ಒಂದೂ ಇರಲಿಲ್ಲ. "ಅಣ್ಣಾ, ಎಲ್ಲಾ ಹೋಗ್ಯಾದ ನೋಡ್ರಿ! ಮೊದಲಿಂದ್ರಾಗ ಹ್ಯಾಂಗಿತ್ತು, ಈಗ ಹ್ಯಾಂಗದ!" ನಾದಿನಿ ಮಂಚದಿಂದಲೇ ಕೈ ಮುಗಿದಳು. "ನೋವೂ ಕಡಿಮ್ಯಾಗ್ಯಾದ. ಜುಮ್ಮ ಅಂತದ ಅಷ್ಟೇ. ಇನ್ನ ಮನಿಗೆ ಹೋಗೋಣ ನಡ್ರಿ."

ಡಾಕ್ಟರ ಮುಖದಲ್ಲಿ ನಗು ಬರಲಿಲ್ಲ. ಅವರು ಪೆನ್ನಿನ ತುದಿಯನ್ನು ಫೋಟೋದ ಬೇರೆಯೇ ಕಡೆ ಇಟ್ಟರು. ಎಲುಬಿನಿಂದ ದೂರ, ಮೀನಖಂಡದ ಉದ್ದಕ್ಕೆ ಸಾಸಿವೆ ಕಾಳಿನಂಥ ಕರಿಯ ಗುಳ್ಳೆಗಳು, ಗೆರೆ ಹಿಡಿದು ಮೇಲಕ್ಕೆ ಹೋಗಿದ್ದವು.

"ನಾ ಹುಡುಕಾಕತ್ತಿದ್ದು ಇದು. ಇದು ಹವಾ. ಕಾಲಿನ ಮಾಂಸದಾಗ ಹವಾ ಇರಬಾರದು. ಒಳಗ ಮಾಂಸ ಕೊಳಿಯಾಕತ್ತದ, ಆ ಕ್ರಿಮಿ ಬಿಟ್ಟ ಹವಾ ಇದು. ಗಾಯ ಎಲ್ಲದ ನೋಡ್ರಿ, ಹವಾ ಎಲ್ಲೀತನಕ ಹೋಗ್ಯಾದ ನೋಡ್ರಿ. ಮತ್ತ ನೋವು ಕಡಿಮ್ಯಾಗ್ಯಾದ ಅಂದ್ರಲ್ಲ, ಅದಕ್ಕ ನನಗ ಹೆಚ್ಚಿಗಿ ಅಂಜಿಕಿ. ನೋವು ಹೇಳೋ ನರನ ಸಾಯಾಕತ್ತಾವ. ಕಲಬುರಗಿಗೆ ಈಗಲೇ ಹೊಂಡ್ರಿ. ಕೊಯ್ದು ಸ್ವಚ್ಛ ಮಾಡಬೇಕು. ತಡ ಆದ್ರ ಕಾಲು ಹೋಗ್ತದ, ಇನ್ನೂ ತಡ ಆದ್ರ ಜೀವಾನೇ ಹೋಗ್ತದ."

ಇಷ್ಟು ಕೇಳಿ ಅಣ್ಣ ನನ್ನನ್ನು ಹೊರಗೆ ಪಡಸಾಲೆಗೆ ಕರೆದರು.

"ತಂಗೀ, ನಿನಗ ನಂಬಿಕಿ ಬರ್ತದೇನು? ಮದಲಿನ ಫೋಟೋದಾಗ ಬೆಳ್ಳಂದಿತ್ತು, ಕರೇದಿದ್ದಿಲ್ಲ. ಎರಡನೇದ್ರಾಗ ಕರೇದದ, ಬೆಳ್ಳಂದಿಲ್ಲ. ಒಂದ ಕಾಲು ಎರಡ ನಮೂನಿ ಹ್ಯಾಂಗಾಗ್ತದ? ನಾ ಕಲ್ಲಿನ ಧಂದೆದಾಗ ಇರಾಂವ. ಗಿರಾಕಿಗೆ ತೋರ್ಸೂ ಫರಸಿ ಕಲ್ಲು ಒಂದು, ಲಾರಿಗೆ ಹಾಕೂ ಫರಸಿ ಒಂದು. ಇವರಲ್ಲೂ ಯಾರದೋ ಕೊಳೆತ ಕಾಲಿನ ಫೋಟೋ ಒಂದು ಇರ್ತದ. ಬಂದವರಿಗೆಲ್ಲಾ ಅದನ್ನ ತೋರ್ಸೂದು."

"ಗೆರಿ ಎಳೆದಾರಲ್ಲ ಅಣ್ಣಾ. ಕೆಂಪು ಆಗಲೇ ಗೆರಿ ದಾಟ್ಯಾದ, ನಾನೂ ನೋಡೀನಿ."

"ಗೆರಿ ಎಳೆದಾಂವನೂ ಅವನ, ದಾಟ್ಯಾದ ಅನ್ನಾಂವನೂ ಅವನ. ವಾಡಿ ಹತ್ತಿರ ಬಾವು ಇಳಿಸಾಕ ಔಷಧ ಕಟ್ಟಾಂವ ಒಬ್ಬ ಇದ್ದಾನ. ಅಲ್ಲಿಗೆ ಒಯ್ತೀನಿ. ಆಟೋ ಹೊರಗ ನಿಂತದ."

ಸೆಂಟರ್ ಭಾವಮೈದುನನದ್ದು ಎಂಬ ಮಾತು ನನ್ನ ಕಿವಿಯಲ್ಲೂ ಇತ್ತು. ಆದರೆ ಬೆಳಿಗ್ಗೆಯಿಂದ ನನ್ನನ್ನು ಕೊರೆಯುತ್ತಿದ್ದ ಇನ್ನೊಂದು ಸಂಶಯವೂ ಇತ್ತು, ಗಾಯ ಸಣ್ಣದು, ನೋವು ದೊಡ್ಡದು ಎನ್ನುವುದು. ಅಸ್ತರ ಹಚ್ಚಿದ ಜಂಪರದಲ್ಲಿ ಮೇಲಿನ ಬಟ್ಟೆಗೂ ಒಳಗಿನ ಅಸ್ತರಕ್ಕೂ ನಡುವೆ ನೀರು ಹೊಕ್ಕರೆ, ಹೊರಗೆ ಕಲೆ ಕಾಣುವ ಹೊತ್ತಿಗೆ ಒಳಗೆ ಬೆನ್ನತನಕ ಹಬ್ಬಿರುತ್ತದೆ. ಇದು ನನಗೆ ಗೊತ್ತಿದ್ದ ಸಂಗತಿ. ಆದರೆ ಅಣ್ಣನಿಗೆ ಜಂಪರದ ಮಾತು ಹೇಳಿ ಉಪಯೋಗವಿರಲಿಲ್ಲ. ಮಂಚದ ಮೇಲಿದ್ದವಳು ಅವರ ಹೆಂಡತಿ, ಎತ್ತಿಕೊಂಡು ಹೋಗುವ ಹಕ್ಕು ಅವರದು.

ಅಣ್ಣ ಒಳಗೆ ಹೋಗಿ ಹೆಂಡತಿಯ ಭುಜದ ಕೆಳಗೆ ಕೈ ಹಾಕಿದರು. ಡಾಕ್ಟರು ಅಡ್ಡ ಬಂದು ನಿಂತರು. ಆಗ ನಾದಿನಿ, ಜ್ವರದ ಕಣ್ಣು ಅರ್ಧ ತೆರೆದು, ಗಂಡನಿಗೆ ಬೇರೆಯೇ ಒಂದು ಮಾತು ಕೇಳಿದಳು.

"ನನ್ನ ಉಂಗುರ ಫೋಟೋದಾಗ ಬಂದದೇನು? ಅಂವ ತೆಗಿ ಅಂತ ಜಗಳ ಮಾಡಿದಾ. ಮಷೀನು ಬೆಳ್ಳಿ ಗಿಳ್ಳಿ ಎಳಕೊಂಡಿಲ್ಲಲ್ಲ? ನೋಡ್ರಿ ಜರಾ."

ಇದು ತಮಾಷೆಗೆ ಕೇಳಿದ್ದಲ್ಲ. ಯಂತ್ರದ ಮೇಲೂ ಅವಳಿಗೆ ಸಂಶಯವೇ. ಅಣ್ಣ ಕೈ ತೆಗೆದು ಬೆಳಕಿನ ಡಬ್ಬಿಯತ್ತ ಹೋದರು. ಎರಡೂ ಫೋಟೋ ಕಿತ್ತುಕೊಂಡು ಕಿಟಕಿಯ ಹತ್ತಿರ, ಫರಸಿಯ ಪಾಲಿಶ್ ನೋಡುವವರ ಹಾಗೆ ಓರೆಯಾಗಿ ಹಿಡಿದರು. ನಾನೂ ಹತ್ತಿರ ಹೋದೆ.

ಎರಡನೆಯ ಫೋಟೋದಲ್ಲಿ, ಎರಡನೆಯ ಬೆರಳಿನ ಎಲುಬಿಗೆ ಸುತ್ತಿದ ಬೆಳ್ಳನೆಯ ಉಂಗುರ ಸ್ಪಷ್ಟವಾಗಿತ್ತು. ಅದು ಪೂರ್ತಿ ದುಂಡಗಿರಲಿಲ್ಲ. ಒಂದು ಕಡೆ ಗಂಟು. ಆ ಗಂಟು ನನಗೂ ಗೊತ್ತು: ಯಾವಾಗಲೋ ಬಾಗಿಲಿಗೆ ಸಿಕ್ಕಿ ಮುರಿದಿದ್ದನ್ನು ಅಣ್ಣನೇ ಚಿತ್ತಾಪುರದ ಅಕ್ಕಸಾಲಿಗನ ಹತ್ತಿರ ಒಯ್ದು ಬೆಸೆಸಿದ್ದರು. ಬೆಸುಗೆ ದಪ್ಪ ಮಾಡಿದ, ಬೆಳ್ಳಿ ಹೊಡೆದ ಎಂದು ಇವತ್ತಿಗೂ ಅವನನ್ನು ಬೈಯುತ್ತಾರೆ.

ಅಣ್ಣನ ಹೆಬ್ಬೆರಳು ಆ ಗಂಟಿನ ಮೇಲೆ ನಿಂತಿತು. ಮೊದಲನೆಯ ಫೋಟೋ ಎತ್ತಿ ಹಿಡಿದರು. ಅದರಲ್ಲೂ ಉಂಗುರ, ಅದರಲ್ಲೂ ಗಂಟು, ಅದೇ ಕಡೆ. ಆಮೇಲೆ ಅವರು ಬೆಳ್ಳನೆಯ ರವೆಯ ನಡುವೆ, ಅವಸರವಿಲ್ಲದೆ ಹುಡುಕಿದರು. ಮೊದಲು ನನಗೆ ಕಾಣಲಿಲ್ಲ. ಆಮೇಲೆ ಕಂಡಿತು. ಸುಣ್ಣದ ಚೂರುಗಳ ಸಂದಿಯಲ್ಲಿ ಕರಿಯ ಸಾಸಿವೆ ಕಾಳು, ಅದೇ ಗೆರೆ ಹಿಡಿದು. ಮೊದಲಿನಿಂದಲೂ ಅಲ್ಲೇ ಇದ್ದವು. ನಾವು ಬಿಳಿಯದನ್ನು ನೋಡಿ ಅಂಜಿದ್ದೆವು, ಬಿಳಿಯದು ಹೋಯಿತೆಂದು ಕೈ ಮುಗಿದಿದ್ದೆವು.

"ಇದು ಈಕಿದ ಕಾಲು," ಎಂದರು ಅಣ್ಣ. ಡಾಕ್ಟರ ಕಡೆ ತಿರುಗಿ, "ಗಾಡಿ ನಿಮ್ಮದ ಅದೇನ್ರಿ, ನಾವ ತರಬೇಕೇನ್ರಿ?" ಎಂದು ಕೇಳಿದರು.

ಆಂಬುಲೆನ್ಸ್ ಹೊರಡುವ ಮೊದಲು ಡಾಕ್ಟರು ಎರಡೂ ಫೋಟೋಗಳನ್ನು ಅಣ್ಣನ ಕೈಗೇ ಕೊಟ್ಟರು. "ಅಲ್ಲಿ ಸಿ.ಟಿ. ಸ್ಕ್ಯಾನ್ ಅಂತ ಇನ್ನೊಂದು ಮಾಡಬಹುದು. ಇದರಾಗ ಕಾಣಲಾರದ್ದೂ ಅದರಾಗ ಕಾಣ್ತದ. ಆದ್ರ ಅದಕ್ಕಂತ ಆಪರೇಷನ್ ತಡ ಮಾಡಬ್ಯಾಡ್ರಿ." ಇನ್ನೊಂದು ಎಂದಾಗ ಅಣ್ಣ ನನ್ನನ್ನು ನೋಡಿದರು. ಆಮೇಲೆ ಫೋಟೋಗಳನ್ನು ಕಂಕುಳಿಗೆ ಸೇರಿಸಿ ಗಾಡಿ ಹತ್ತಿದರು.

ಮಳಖೇಡದ ಹತ್ತಿರ ನನ್ನ ಗಂಡ ಕಾರ್ಖಾನೆಯ ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಗಾಡಿ ಹತ್ತಿದರು. ಅಕ್ಕನ ಕಾಲು ನೋಡಿ, "ಇಷ್ಟಕ್ಕ ಇಷ್ಟೊಂದ್ಯಾಕ?" ಎಂದರು. ಅಣ್ಣ ಫೋಟೋ ಚಾಚಿ, ಕರಿಯ ಕಾಳುಗಳನ್ನು ತೋರಿಸಿದರು, ಡಾಕ್ಟರು ತೋರಿಸಿದ ಹಾಗೆಯೇ, ಹೊತ್ತಿಸದ ಬೀಡಿಯ ತುದಿಯಿಂದ.

ಕಲಬುರಗಿಯಲ್ಲಿ ಆಪರೇಷನ್ ಕೋಣೆಗೆ ಒಯ್ಯುವ ದಾರಿಯಲ್ಲೇ ಸಿ.ಟಿ. ಆಯಿತು. ಅಷ್ಟು ಹೊತ್ತಿಗೆ ಹವಾ ಮೊಣಕಾಲಿನ ಕೆಳಗಿನವರೆಗೆ ಹೋಗಿತ್ತೆಂದೂ, ಎಲ್ಲಿಂದ ಎಲ್ಲಿಗೆ ಕೊಯ್ಯಬೇಕೆಂದು ಅದರಿಂದಲೇ ಗೊತ್ತಾಯಿತೆಂದೂ ಆಮೇಲೆ ಸರ್ಜನ್ ಹೇಳಿದರು. ಕಾಲುಂಗುರವನ್ನು ಮಾತ್ರ ಮೊದಲೇ ಕತ್ತರಿಸಿದರು. ನಾದಿನಿ ಅತ್ತದ್ದು ಅದಕ್ಕೆ. ಸಿಸ್ಟರ್ ಕತ್ತರಿಸಿದ ಉಂಗುರವನ್ನು ಹತ್ತಿಯಲ್ಲಿ ಸುತ್ತಿ ತಂದುಕೊಟ್ಟಾಗ ಅಣ್ಣ ಬಿಚ್ಚಿ, ಅಂಗೈಯಲ್ಲಿ ತೂಗಿ ನೋಡಿ, ಬೆಸುಗೆಯ ಗಂಟು ಇದೆಯೆಂದು ಖಾತ್ರಿ ಮಾಡಿಕೊಂಡೇ ಜೇಬಿಗಿಟ್ಟರು.

ಕಾಲು ಉಳಿಯಿತು. ಕಿರುಬೆರಳು ಮತ್ತು ಅದರ ಪಕ್ಕದ ಮೂರು ಬೆರಳು ಉಳಿಯಲಿಲ್ಲ; ಉಂಗುರ ಇಟ್ಟುಕೊಳ್ಳುತ್ತಿದ್ದ ಬೆರಳೂ ಅದರಲ್ಲಿ ಹೋಯಿತು. ಮತ್ತೆ ಮತ್ತೆ ಒಳಗೊಯ್ದು ಕೊಳೆತದ್ದನ್ನು ತೆಗೆದರು, ಕೊನೆಗೆ ತೊಡೆಯ ಚರ್ಮ ತೆಗೆದು ಮೀನಖಂಡಕ್ಕೆ ಹೊಂದಿಸಿದರು. ಆ ಹೊಲಿಗೆಯನ್ನು ನಾನು ತೀರಾ ಹತ್ತಿರದಿಂದ ನೋಡಿದ್ದೇನೆ. ತೇಪೆ ಚೆನ್ನಾಗಿ ಕೂತಿದೆ, ಅಂಚು ಮಾತ್ರ ಸ್ವಲ್ಪ ಸೊಟ್ಟ. ಸರ್ಜನ್ ಡ್ರೆಸಿಂಗ್ ನೋಡಲು ಬಂದಾಗ ಅಣ್ಣ ಕೇಳಿದರು: "ಚರ್ಮ ಕರ್ರಗಾಗೂತನಕ ಕಾದಿದ್ರ?" ಸರ್ಜನ್, "ಆಗ ಫೋಟೋ ಬೇಕಾಗ್ತಿದ್ದಿಲ್ಲ. ಕಣ್ಣಿಗೇ ಕಾಣ್ತಿತ್ತು. ಕಾಲು ಉಳೀತಿದ್ದಿಲ್ಲ," ಎಂದರು. ಡ್ರೆಸಿಂಗ್ ಮುಚ್ಚಿ, "ಎಲ್ಲಾರ ಫೋಟೋದಾಗೂ ಹವಾ ಕಾಣೂದಿಲ್ಲ. ಕಾಣಲಿಲ್ಲ ಅಂತ ಸುಮ್ಕ ಕೂಡಬಾರದು. ನಿಮ್ಮ ಸೇಡಂ ಡಾಕ್ಟರಿಗೆ ಸಂಶಯ ಬಂದದ್ದು ಛಲೋ ಆತು," ಎಂದರು.

ಆ ಸೇಡಂ ಡಾಕ್ಟರ ಹೆಂಡತಿ ಮುಂದೆ ಒಂದು ದಿನ ನಮ್ಮ ಮನೆಗೆ ಜಂಪರ ಹೊಲಿಸಲು ಬಂದರು. ಅಳತೆ ತೆಗೆದುಕೊಳ್ಳುತ್ತ, ಮಾತಿಗೆ ಮಾತು ಬಂದಂತೆ ಮಾಡಿ ಕೇಳಿಬಿಟ್ಟೆ: ದವಾಖಾನೆಯ ಹಿಂದಿರುವ ಫೋಟೋ ಸೆಂಟರ್ ಯಾರದು?

"ನನ್ನ ತಮ್ಮಂದ್ರಿ. ಯಾಕ್ರಿ?"

"ಸುಮ್ನೆ ಕೇಳ್ದೆ."

ಆಟೋದವನು ಸುಳ್ಳು ಹೇಳಿರಲಿಲ್ಲ. ಡಾಕ್ಟರೂ ಸುಳ್ಳು ಹೇಳಿರಲಿಲ್ಲ. ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂದು ಆ ಜಂಪರಕ್ಕೆ ಅಸ್ತರ ಹಚ್ಚುವಷ್ಟು ಹೊತ್ತೂ ಯೋಚಿಸಿದೆ. ಈಗಲೂ ಆ ದವಾಖಾನೆಯಲ್ಲಿ ಫೋಟೋ ಎಂದರೆ, ಯಾಕೆ, ಏನು ಹುಡುಕುತ್ತೀರಿ ಎಂದು ಕೇಳುತ್ತೇನೆ. ಆ ಡಾಕ್ಟರು ಬೇಸರಿಸದೆ ಹೇಳುತ್ತಾರೆ. ಹೇಳಿದ ಮೇಲೆ ತೆಗೆಸುತ್ತೇನೆ.

ನಾದಿನಿ ಬೆಸೆದ ಉಂಗುರವನ್ನು ಮತ್ತೆ ಬೆಸೆಸಿ ಎಡಗಾಲಿಗೇ ಹಾಕಿಕೊಂಡಿದ್ದಾಳೆ, ಅಲ್ಲಿದ್ದ ಜೋಡಿ ಉಂಗುರದ ಪಕ್ಕದ ಬೆರಳಿಗೆ. ಮದುವೆ ಮನೆಗಳಲ್ಲಿ ಹೆಂಗಸರು ಅವಳ ಒಂದು ಕಾಲನ್ನೂ ಇನ್ನೊಂದು ಕಾಲನ್ನೂ ನೋಡಿ, ಮುಖ ನೋಡುತ್ತಾರೆ. "ಜೋಡಿ ಒಂದ ಕಡಿ ಇದ್ರ ಜಗಳ ಆಗೂದಿಲ್ಲ ಬಿಡ್ರಿ," ಎನ್ನುತ್ತಾಳೆ. ಕಾಲು ಮಡಚಿ ನೆಲಕ್ಕೆ ಕೂರಲು ಆಗುವುದಿಲ್ಲ.

ಆದರೂ ಮುಂದಿನ ತೊಗರಿಗೆ ಬಂದಳು. ಅಣ್ಣ ಬೇಡವೆಂದರು, ಅತ್ತೆ ಬೇಡವೆಂದರು. ದಪ್ಪನೆಯ ಬೂಟು ಹಾಕಿಕೊಂಡು, ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೂಲಿಗೆ ಬಂದ ಹೆಣ್ಣುಮಗಳೊಬ್ಬಳು ಎಡಗೈಯಲ್ಲೇ ರೊಟ್ಟಿ ಮುರಿಯುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಬಲಗೈಗೆ ಅರಿವೆ ಸುತ್ತಿಕೊಂಡಿದ್ದಳು.

"ಏನಾಗ್ಯಾದ ಕೈಗಿ?"

"ಏನಿಲ್ರಿ ಅಕ್ಕಾ. ಮುಳ್ಳು ಮುರದದ."

"ಬಾ ಇಲ್ಲಿ. ನೋಯ್ತದೇನು?"

"ಭಾಳ ನೋಯ್ತದ್ರಿ. ಬಾವು ಕಾಣೂದಿಲ್ಲ, ನೋವು ನೋಡಿದ್ರ ಮೊಣಕೈತನಕ."

ನಾದಿನಿ ನನ್ನನ್ನು ನೋಡಿದಳು. "ಏನು ಹಚ್ಚೀದಿ?"

"ಏನೂ ಇಲ್ರಿ."

ನಾದಿನಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಆ ಅರಿವೆಯ ಮೇಲೆ ಕಣ್ಣಿಟ್ಟಳು. ಮಡಿಕೆಯ ಒಳಗಿನಿಂದ ಒಂದು ಇರುವೆ ಹೊರಬಂದು, ಅದರ ಹಿಂದೆ ಇನ್ನೊಂದು ಬಂತು.

"ಮತ್ತ ಇವು ಯಾಕ ಬಂದಾವ? ನಿನ್ನ ಮಾತಾಡಸಾಕ?"

ಅವಳು ತಲೆ ತಗ್ಗಿಸಿದಳು. ನಾದಿನಿ ನನ್ನ ಕಡೆ ತಿರುಗಿ, "ಆಟೋದವನಿಗೆ ಫೋನ್ ಹಚ್ಚು. ಮತ್ತ ಆಂವ ಬರೂತನಕ ಈಕಿ ಕೈ ಸ್ವಚ್ಛ ತೊಳಿ. ಸುಣ್ಣ ಉಳೀತಂದ್ರ ಆ ಡಾಕ್ಟರ್ ಫೋಟೋ ಎರಡೆರಡು ಸಲ ತೆಗಸ್ತಾನ," ಎಂದಳು.

ನಾನು ಕೊಡದಿಂದ ನೀರು ಹೊಯ್ದು ತೊಳೆದೆ. ನಾದಿನಿ ಕುರ್ಚಿಯಿಂದ ಏಳದೆ, ಬೆರಳ ಸಂದಿ ಬಿಡಿಸಿ ತೋರಿಸೆಂದು ಹೇಳಿ, ಬಿಳಿಯದು ಎಲ್ಲಾದರೂ ಉಳಿದಿದೆಯೋ ಎಂದು ಪ್ರತಿ ಸಂದಿಯನ್ನೂ ನೋಡಿದಳು.